ಗಾಜಿನ ಗೋಡೆಯೂ ನೇಯ್ದ ತೆರೆಯೂ: ಇಪ್ಪತ್ತನೆಯ ಶತಮಾನದ ನಡುಗಾಲದ ಅಮೆರಿಕದಲ್ಲಿ ಕೈಮಗ್ಗದ ಕಿಟಕಿತೆರೆಗಳು

ಆಧುನಿಕ ವಾಸ್ತುಶಿಲ್ಪದ ಚರಿತ್ರೆಯನ್ನು ಬೋಧಿಸುವಾಗ ನಾವು ವಿದ್ಯಾರ್ಥಿಗಳಿಗೆ ತಪ್ಪದೆ ತೋರಿಸುತ್ತ ಬಂದಿರುವ ಚಿತ್ರಗಳಲ್ಲಿ ಒಂದು, ಅಮೆರಿಕದ ಕನೆಟಿಕಟ್ ಸಂಸ್ಥಾನದ ನ್ಯೂ ಕೇನನ್ ಎಂಬಲ್ಲಿ ಫಿಲಿಪ್ ಜಾನ್ಸನ್ ಅವರು ತಮ್ಮ ವಾಸಕ್ಕೆಂದು ೧೯೪೯ರಲ್ಲಿ ಕಟ್ಟಿಕೊಂಡ ಗಾಜಿನ ಮನೆಯದು. ನಾಲ್ಕು ದಿಕ್ಕಿಗೂ ಗಾಜು. ನಡುವೆ ಉಕ್ಕಿನ ಕಂಬಗಳು. ಸುತ್ತ ಹುಲ್ಲು, ಮರ, ಆಕಾಶ. ಕೆಲವು ವರ್ಷಗಳ ಕೆಳಗೆ ಈ ಚಿತ್ರವನ್ನು ತೋರಿಸಿ, ಉಕ್ಕು ಗಾಜುಗಳಿಂದ ಗೋಡೆಗೆ ದೊರೆತ ಬಿಡುಗಡೆಯನ್ನು ಬಣ್ಣಿಸಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸಾರ್, ರಾತ್ರಿ ದೀಪ ಹಚ್ಚಿದ ಮೇಲೆ ಇವರು ಏನು ಮಾಡುತ್ತಿದ್ದರು?" ಎಂದು ಕೇಳಿದಳು. ತರಗತಿ ನಕ್ಕಿತು, ನಾವೂ ನಕ್ಕೆವು. ಆದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಜಾನ್ಸನ್ ಅವರಿಗೇನೋ ಮನೆಯ ಸುತ್ತ ವಿಶಾಲವಾದ ಸ್ವಂತ ಜಮೀನಿತ್ತು. ಬೀದಿಯ ಜನ ಇಣುಕುವ ಭಯವಿರಲಿಲ್ಲ. ಆ ಭಾಗ್ಯವಿಲ್ಲದೆ ಗಾಜಿನ ಗೋಡೆಯ ಹಿಂದೆ ಬದುಕಬೇಕಾಗಿದ್ದ ಸಾಮಾನ್ಯ ಗೃಹಸ್ಥರ ಗತಿಯೇನು? ಈ ಪ್ರಶ್ನೆಯ ಬೆನ್ನುಹತ್ತಿ ಹೋದಾಗ ನಾವು ಓದಿದ ಹಾಗೂ ಓದಿಸಿದ ಗ್ರಂಥಗಳು ಹೆಚ್ಚುಕಡಮೆ ಮೌನವಾಗಿದ್ದ ಒಂದು ಕಸಬಿನ ಕಥೆ ನಮಗೆ ಎದುರಾಯಿತು. ಪ್ರಕೃತ ಲೇಖನ ಅದನ್ನು ಕುರಿತದ್ದು.

ಮೊದಲು ಹೆಸರಿನ ವಿಚಾರ. ನಾವು ಹೇಳಹೊರಟಿರುವ ವಸ್ತುವಿಗೆ ಕನ್ನಡದಲ್ಲಿ ನಿಶ್ಚಿತವಾದ ಹೆಸರಿಲ್ಲ. 'ಪರದೆ' ಎಂದರೆ ಬರಿಯ ಬಟ್ಟೆ ನೆನಪಾಗುತ್ತದೆ. 'ತಟ್ಟಿ' ಎಂದರೆ ಬಿದಿರು ಅಥವಾ ಲಾವಂಚದ್ದು. ಇಲ್ಲಿನದು ಇವೆರಡರ ನಡುವಣ ವಸ್ತು: ನೂಲನ್ನು ಹಾಸಾಗಿಯೂ ಮರದ ತೆಳು ದಬ್ಬೆ, ಬಿದಿರುಕಡ್ಡಿ, ತೊಗಲಿನ ಪಟ್ಟಿ, ಲೋಹದೆಳೆ ಮೊದಲಾದವನ್ನು ಹೊಕ್ಕಾಗಿಯೂ ಇಟ್ಟು ಮಗ್ಗದ ಮೇಲೆ ನೇಯ್ದದ್ದು, ಕಿಟಕಿಗೆ ಇಳಿಬಿಟ್ಟು ಬೇಕಾದಾಗ ಸುತ್ತಿಡಬಹುದಾದದ್ದು. ಇದನ್ನು 'ತೆರೆ' ಎಂದು ಕರೆಯಲು ನಾವು ನಿಶ್ಚಯಿಸಿದ್ದೇವೆ.

ಗಾಜಿನ ಗೋಡೆ ತಂದ ತೊಂದರೆ ಒಂದಲ್ಲ, ಮೂರು. ಒಂದನೆಯದು ಕಣ್ಣು ಕುಕ್ಕುವ ಬೆಳಕು. ಕ್ಯಾಲಿಫೋರ್ನಿಯದಲ್ಲಿ ಪಡುವಣ ಕಡಲಿನ ಕಡೆಗೆ ತೆರೆದುಕೊಂಡ ಮನೆಯೊಳಗೆ ಸಂಜೆಯ ಹೊತ್ತು ಕುಳಿತು ಓದುವುದು ದುಸ್ಸಾಧ್ಯ. ಎರಡನೆಯದು ಶಾಖ. ಸೂರ್ಯನ ಕಿರಣಗಳು ಗಾಜನ್ನು ಸುಲಭವಾಗಿ ಹಾಯ್ದು ಬಂದು ನೆಲ, ಕುರ್ಚಿ, ಜಮಖಾನೆಗಳನ್ನು ಕಾಯಿಸುತ್ತವೆ. ಕಾದ ವಸ್ತುಗಳು ಹೊಮ್ಮಿಸುವ ಶಾಖಕಿರಣಗಳಾದರೋ ಗಾಜನ್ನು ದಾಟಿ ಹೊರಕ್ಕೆ ಹೋಗಲಾರವು. ಮೂರನೆಯದೇ ನಮ್ಮ ವಿದ್ಯಾರ್ಥಿನಿ ಕೇಳಿದ್ದು: ಮರೆ. ಷಿಕಾಗೋ ನಗರದ ವೈದ್ಯೆ ಎಡಿತ್ ಫಾರ್ನ್ಸ್‌ವರ್ತ್ ಅವರಿಗೆಂದು ಮೀಸ್ ವಾನ್ ಡರ್ ರೋಹೆ ಅವರು ಇಲಿನಾಯ್ ಸಂಸ್ಥಾನದ ಪ್ಲೇನೋ ಬಳಿ ಕಟ್ಟಿದ, ೧೯೫೧ರಲ್ಲಿ ಮುಗಿದ ಮನೆ ಇದಕ್ಕೆ ಪ್ರಸಿದ್ಧ ನಿದರ್ಶನ. ಖರ್ಚಿನ ವಿಷಯದಲ್ಲಿ ವಾಸ್ತುಶಿಲ್ಪಿಗೂ ಒಡತಿಗೂ ವ್ಯಾಜ್ಯ ಹೂಡುವ ಮಟ್ಟಕ್ಕೆ ಮನಸ್ತಾಪ ಬೆಳೆಯಿತು. ತನ್ನ ಮನೆಯಲ್ಲಿ ತನಗೇ ನೆಮ್ಮದಿಯಿಲ್ಲವೆಂದು ಆಕೆ ೧೯೫೩ರಲ್ಲಿ ಪತ್ರಿಕೆಯ ಮೂಲಕ ಬಹಿರಂಗವಾಗಿಯೇ ಹೇಳಿಕೊಂಡರು. ಆ ಕಟ್ಟಡವನ್ನು ಕುರಿತು ಪುಟಗಟ್ಟಲೆ ಬರೆದವರಿದ್ದಾರೆ. ಅದರ ಗಾಜಿಗೆ ಏನನ್ನು ಇಳಿಬಿಡಬೇಕಾಗಿತ್ತೆಂಬುದನ್ನು ಕುರಿತು ಬರೆದವರು ವಿರಳ.

ಇದಕ್ಕೆ ಮುಂಚೆ ಉಪಾಯಗಳಿರಲಿಲ್ಲವೆಂದಲ್ಲ. ಅಡ್ಡಪಟ್ಟಿಗಳನ್ನು ಓರೆಮಾಡಿ ಬೆಳಕನ್ನು ಹೆಚ್ಚುಕಡಮೆ ಮಾಡುವ 'ವೆನೀಷಿಯನ್' ತೆರೆಗೆ ಲಂಡನ್ನಿನ ಎಡ್ವರ್ಡ್ ಬೆವನ್ ಎಂಬಾತ ೧೭೬೯ರಷ್ಟು ಹಿಂದೆಯೇ ಹಕ್ಕುಪತ್ರ ಪಡೆದಿದ್ದ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಸಾವಿರಾರು ಕಿಟಕಿಗಳಿಗೆ ಹಾಕಿದ್ದು ಈ ಜಾತಿಯ ತೆರೆಯನ್ನೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಹಗುರವಾದ ಅಲ್ಯುಮಿನಿಯಮ್ ಪಟ್ಟಿಗಳು ಬಂದು ಅದರ ಬೆಲೆಯೂ ಇಳಿಯಿತು. ಆದರೆ ಅದು ಕಚೇರಿಯ ವಸ್ತು. ಅದರ ಗೆರೆಗಳೆಲ್ಲ ಒಂದೇ ಅಗಲ, ಒಂದೇ ಬಣ್ಣ. ಮೊದಲೇ ಬೋಳಾಗಿದ್ದ ಆಧುನಿಕ ಕೊಠಡಿಗೆ ಅದನ್ನು ಹಾಕಿದರೆ ಮನೆ ಬ್ಯಾಂಕಿನಂತೆ ಕಾಣುತ್ತಿತ್ತು. ಮಖಮಲ್ಲಿನ ದಪ್ಪ ಪರದೆಯನ್ನು ಹಾಕಿದರೋ, ಗಾಜಿನ ಗೋಡೆ ಕಟ್ಟಿದ ಉದ್ದೇಶವೇ ಮಣ್ಣುಗೂಡುತ್ತಿತ್ತು. ಪೆಸಿಫಿಕ್ ಕರಾವಳಿಯ ಜನಕ್ಕೆ ಜಪಾನಿನ 'ಸುದಾರೆ', ಎಂದರೆ ಬಿದಿರಿನ ಅಥವಾ ಜೊಂಡಿನ ಸಣ್ಣ ಕಡ್ಡಿಗಳನ್ನು ಸಾಲಾಗಿ ದಾರದಿಂದ ಕಟ್ಟಿದ ತೆರೆ, ಪರಿಚಿತವಾಗಿತ್ತು. ಅದು ಅಗ್ಗ, ಹಗುರ, ಗಾಳಿಯಾಡುವಂಥದು. ನೇಯ್ದ ತೆರೆಯ ಕಲ್ಪನೆಗೆ ಇದು ಹತ್ತಿರದ ಬಂಧುವೆಂದು ನಮಗೆ ತೋರುತ್ತದೆ. ಮಗ್ಗವೇರಿದ ಮೇಲೆ ಮಾತ್ರ ಅದು ಬೇರೆಯೇ ವಸ್ತುವಾಯಿತು.

ಹೇಗೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಾಮಾನ್ಯ ಬಟ್ಟೆಯಲ್ಲಿ ಹಾಸೂ ನೂಲೇ, ಹೊಕ್ಕೂ ನೂಲೇ. ಲಾಳಿ ಅತ್ತಿಂದಿತ್ತ ಓಡಿ ಹೊಕ್ಕನ್ನು ಎಳೆದೊಯ್ಯುತ್ತದೆ. ಈ ತೆರೆಯ ಹೊಕ್ಕು ಬಾಗದ ದಬ್ಬೆ. ಅದನ್ನು ಲಾಳಿಗೆ ಸುತ್ತಲು ಬರುವುದಿಲ್ಲ. ಆದುದರಿಂದ ನೇಕಾರನು ಕಾಲುಮಣೆಯನ್ನು ತುಳಿದು ಹಾಸಿನ ಎಳೆಗಳನ್ನು ಎರಡು ಪಾಲಾಗಿ ಬಿಡಿಸಿ, ನಡುವೆ ತೆರೆದ ಬಾಯಿಯೊಳಕ್ಕೆ ಒಂದೊಂದೇ ದಬ್ಬೆಯನ್ನು ಕೈಯಿಂದ ತೂರಿಸಿ, ತುದಿಗಳನ್ನು ಸಮಮಾಡಿ, ಹಣಿಗೆಯಿಂದ ಒತ್ತಬೇಕು. ಬಳಿಕ ಎರಡೋ ನಾಲ್ಕೋ ಸಾಲು ನೂಲಿನ ಹೊಕ್ಕು ಹಾಕಿ ಅದನ್ನು ಬಿಗಿಮಾಡಿ, ಮತ್ತೆ ಇನ್ನೊಂದು ದಬ್ಬೆ. ದಬ್ಬೆಯ ಉದ್ದವೆಷ್ಟೋ ತೆರೆಯ ಅಗಲ ಅಷ್ಟು. ಕಿಟಕಿ ಅಗಲವಾದಂತೆ ಮಗ್ಗವೂ ಅಗಲವಾಗಬೇಕು; ಅಗಲವಾದ ಮಗ್ಗದಲ್ಲಿ ಆಚೆಯ ತುದಿಗೆ ಒಬ್ಬರ ಕೈ ನಿಲುಕುವುದಿಲ್ಲವಾದ್ದರಿಂದ ಇನ್ನೊಬ್ಬರ ನೆರವು ಬೇಕಾಗುತ್ತದೆ. ಹಾಸನ್ನು ಒತ್ತಾಗಿ ತುಂಬುವುದೂ ಇಲ್ಲ. ಕೆಲವು ಎಳೆಗಳನ್ನು ಗುಂಪಾಗಿ ಹಾಕಿ, ನಡುವೆ ಬೆರಳುಗಳಷ್ಟು ಜಾಗವನ್ನು ಬರಿದೆ ಬಿಟ್ಟರೆ ದಬ್ಬೆಯ ಮೈ ಹೊರಗೆ ಕಾಣುತ್ತದೆ. ಸಂದುಗಳಲ್ಲಿ ಬೆಳಕು ನುಸುಳುತ್ತದೆ.

ಈ ರಚನೆಯ ಸೊಗಸೆಲ್ಲ ಒಂದು ಸರಳವಾದ ಗುಣದಲ್ಲಿದೆ. ಹೊಕ್ಕಿನ ದಿಕ್ಕಿನಲ್ಲಿ ಅದು ಹಲಗೆಯಂತೆ ಗಟ್ಟಿ. ಹಾಸಿನ ದಿಕ್ಕಿನಲ್ಲಿ ಬಟ್ಟೆಯಂತೆ ಮೃದು. ದಬ್ಬೆಗಳು ಅಡ್ಡಡ್ಡಲಾಗಿ ಬರುವಂತೆ ತೂಗುಹಾಕಿದರೆ ಅದು ಚಾಪೆಯಂತೆ ಕೆಳಗಿನಿಂದ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಅದನ್ನೇ ತಿರುಗಿಸಿ ದಬ್ಬೆಗಳು ಉದ್ದುದ್ದವಾಗಿ ನಿಲ್ಲುವಂತೆ ಸರಳಿಗೆ ಕಟ್ಟಿದರೆ ಪುಸ್ತಕದ ಹಾಳೆಗಳಂತೆ ಮಡಿಕೆಮಡಿಕೆಯಾಗಿ ಪಕ್ಕಕ್ಕೆ ಸರಿಯುತ್ತದೆ. ನೆಲದಿಂದ ಸೂರಿನವರೆಗೆ ಗಾಜಿದ್ದ ಮನೆಗಳಿಗೆ ಈ ಎರಡನೆಯ ಬಗೆಯೇ ಅನುಕೂಲ. ಗೋಡೆಯಿಲ್ಲದ ದೊಡ್ಡ ಹಜಾರದಲ್ಲಿ ಊಟದ ಎಡೆಯನ್ನೂ ಕೂರುವ ಎಡೆಯನ್ನೂ ಬೇರ್ಪಡಿಸಲು ಇದನ್ನೇ ನಿಲ್ಲಿಸಿದವರೂ ಉಂಟು.

ಮರೆಯ ಪ್ರಶ್ನೆಗೆ ಈಗ ಬರಬಹುದು. ತೆರೆಯ ಸಂದುಗಳಲ್ಲಿ ಕಣ್ಣು ಹಾಯುವುದೋ ಇಲ್ಲವೋ ಎಂಬುದು ಸಂದಿನ ಅಳತೆಯನ್ನಷ್ಟೇ ಅವಲಂಬಿಸಿಲ್ಲ; ಯಾವ ಕಡೆ ಬೆಳಕು ಹೆಚ್ಚೆಂಬುದನ್ನೂ ಅವಲಂಬಿಸಿದೆ. ಹಗಲು ಹೊರಗೆ ಬೆಳಕು ಹೆಚ್ಚು; ಒಳಗಿದ್ದವರಿಗೆ ತೋಟ ಮಸುಕಾಗಿಯಾದರೂ ಕಾಣುತ್ತದೆ, ಹೊರಗಿದ್ದವರಿಗೆ ತೆರೆಯ ಮೈಯಷ್ಟೇ ಕಾಣುತ್ತದೆ. ಇರುಳು ಒಳಗೆ ದೀಪ ಹತ್ತಿದೊಡನೆ ಈ ಸಂಬಂಧ ತಿರುಗುಮುರುಗಾಗುತ್ತದೆ. ನಮ್ಮ ಹಳೆಯ ಮನೆಗಳ ಜಾಲಂಧ್ರದ ಹಿಂದೆ ನಿಂತು ಮೆರವಣಿಗೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದಕಾರಣ ವಿರಳವಾಗಿ ನೇಯ್ದ ತೆರೆಯೊಂದೇ ರಾತ್ರಿಗೆ ಸಾಲದು; ಮಲಗುವ ಕೋಣೆಗೆ ದಬ್ಬೆಗಳನ್ನು ಒತ್ತಾಗಿ ನೇಯುತ್ತಿದ್ದರು, ಇಲ್ಲವೆ ಹಿಂದೆ ಮತ್ತೊಂದು ಪರದೆ ಹಾಕುತ್ತಿದ್ದರು. ಆ ವಿದ್ಯಾರ್ಥಿನಿಗೆ ಸಲ್ಲಬೇಕಾದ ಉತ್ತರವನ್ನು ನಾವು ಹೀಗೆ ತಡವಾಗಿ ಕೊಡುತ್ತಿದ್ದೇವೆ.

ಈ ಕಸಬನ್ನು ಮನೆಮಾತಾಗಿ ಮಾಡಿದವರಲ್ಲಿ ಅಗ್ರಗಣ್ಯರೆಂದರೆ ಡೊರೊಥಿ ಲೀಬೆಸ್ ಅವರು. ಕ್ಯಾಲಿಫೋರ್ನಿಯದ ಸಾಂಟ ರೋಸದಲ್ಲಿ ೧೮೯೭ರಲ್ಲಿ ಹುಟ್ಟಿದ ಆಕೆಯ ತವರಿನ ಹೆಸರು ರೈಟ್. ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ನೇಯ್ಗೆಯ ಕಡೆಗೆ ಮನಸ್ಸು ತಿರುಗಿತು. ಷಿಕಾಗೋವಿನ ಹಲ್ ಹೌಸ್‌ನಲ್ಲಿ ಮಗ್ಗದ ಪಾಠ ಕಲಿತರು. ಜೇನ್ ಆಡಮ್ಸ್ ಅವರು ವಲಸೆಗಾರರ ಬಡಾವಣೆಯಲ್ಲಿ ೧೮೮೯ರಲ್ಲಿ ಸ್ಥಾಪಿಸಿದ ಆ ಸೇವಾಕೇಂದ್ರದಲ್ಲಿ ಯೂರೋಪಿನ ನಾನಾ ಹಳ್ಳಿಗಳ ಕೈಕಸಬುಗಳು ಉಸಿರಾಡುತ್ತಿದ್ದುವು. ಸಾನ್ ಫ್ರಾನ್ಸಿಸ್ಕೋವಿನಲ್ಲಿ ೧೯೩೦ರ ದಶಕದಲ್ಲಿ ಲೀಬೆಸ್ ಅವರು ತಮ್ಮ ನೇಯ್ಗೆಯ ಕಾರ್ಯಶಾಲೆಯನ್ನು ತೆರೆದರು. ಅದು ಆರ್ಥಿಕ ಕುಸಿತದ ಕಾಲ; ಕೈಮಗ್ಗದ ಬಟ್ಟೆಗೆ ಹಣ ಸುರಿಯುವವರು ವಿರಳವಾಗಿದ್ದ ಕಾಲ. ಆಕೆಯ ಜಾಣ್ಮೆಯೆಂದರೆ ಗೃಹಿಣಿಯರನ್ನು ಕಾಯುತ್ತ ಕೂರದೆ ನೇರವಾಗಿ ವಾಸ್ತುಶಿಲ್ಪಿಗಳ ಬಾಗಿಲು ತಟ್ಟಿದ್ದು. ಕಟ್ಟಡವನ್ನು ಕಟ್ಟುವವನೇ ಕಿಟಕಿಯ ಅಳತೆಯನ್ನು ಬಲ್ಲವನು; ಅವನು ಒಪ್ಪಿದರೆ ಒಂದಲ್ಲ, ಇಡೀ ಕಟ್ಟಡದ ತೆರೆಗಳ ಕೆಲಸ ಸಿಕ್ಕುತ್ತದೆ. ಸಾನ್ ಫ್ರಾನ್ಸಿಸ್ಕೋವಿನಲ್ಲಿ ೧೯೩೯ರಲ್ಲಿ ನಡೆದ ಗೋಲ್ಡನ್ ಗೇಟ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅಲಂಕರಣ ಕಲೆಗಳ ವಿಭಾಗದ ನಿರ್ದೇಶಕಿಯಾದ ಮೇಲೆ ಆಕೆಯ ಹೆಸರು ದೇಶದಾದ್ಯಂತ ಹಬ್ಬಿತು. ವಾಸ್ತುಶಿಲ್ಪಿಗಳ ಸಂಸ್ಥೆಯೇ ೧೯೪೭ರಲ್ಲಿ ಆಕೆಗೆ ಕುಶಲಕರ್ಮದ ಪದಕವನ್ನಿತ್ತು ಗೌರವಿಸಿತು. ಮರುವರ್ಷ ಆಕೆ ನ್ಯೂಯಾರ್ಕಿಗೆ ನೆಲೆ ಬದಲಿಸಿದರು.

ಲೀಬೆಸ್ ಅವರ ತೆರೆಗಳಲ್ಲಿ ಹೊಕ್ಕಾಗದ ವಸ್ತುವೇ ಇರಲಿಲ್ಲವೇನೋ! ಮರದ ದಬ್ಬೆ, ಬಿದಿರು, ಸೆಣಬು, ತೊಗಲು, ರಿಬ್ಬನ್, ಸೆಲೊಫೇನ್ ಹಾಳೆಯ ಪಟ್ಟಿ, ಲೋಹದೆಳೆ: ಕೈಗೆ ಸಿಕ್ಕದ್ದೆಲ್ಲ ಮಗ್ಗವೇರುತ್ತಿತ್ತು. ಬಣ್ಣದ ವಿಷಯದಲ್ಲಂತೂ ಆಕೆಗೆ ಸಂಕೋಚವೇ ಇರಲಿಲ್ಲ. ಬಿಳಿ, ಬೂದಿ, ಕಂದುಗಳಲ್ಲೇ ತೃಪ್ತಿಪಡುತ್ತಿದ್ದ ಆಧುನಿಕರ ಕೊಠಡಿಗಳಲ್ಲಿ ಆಕೆ ನೀಲಿಹಸಿರು, ಎಳೆಹಳದಿ, ಗುಲಾಬಿ, ಕಿತ್ತಲೆಗಳನ್ನು ಒಂದರ ಮಗ್ಗುಲಲ್ಲೊಂದು ಇರಿಸಿದರು. ಇದನ್ನು ಬರಿಯ ಚಪಲವೆನ್ನಲಾಗದು. ಕುರ್ಚಿಯ ಮೇಲಿನ ಬಟ್ಟೆಯ ಬಣ್ಣವನ್ನು ನಾವು ನೋಡುವುದು ಅದರ ಮೇಲೆ ಬಿದ್ದು ಮರಳಿದ ಬೆಳಕಿನಿಂದ. ತೆರೆಯ ಬಣ್ಣ ಅದರ ಮೂಲಕ ಹಾಯ್ದು ಬರುವ ಬೆಳಕಿನಿಂದಲೂ ತೋರುತ್ತದೆ. ಬಿಸಿಲು ಏರಿ ಇಳಿದಂತೆ ಒಂದೇ ತೆರೆ ಬೆಳಗ್ಗೆ ಒಂದು, ಸಂಜೆ ಇನ್ನೊಂದು. ಎಣ್ಣೆಬಣ್ಣ ಬಳಿದ ಗೋಡೆಗೆ ಈ ಗುಣವಿಲ್ಲ. ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನ ಪರ್ಷಿಯನ್ ರೂಮನ್ನು ಹೆನ್ರಿ ಡ್ರೈಫಸ್ ಅವರು ೧೯೫೦ರಲ್ಲಿ ಹೊಸದಾಗಿ ರೂಪಿಸಿದಾಗ ಲೀಬೆಸ್ ಅವರು ಪರದೆಯೊಳಗೆ ಪುಟ್ಟ ವಿದ್ಯುದ್ದೀಪಗಳನ್ನೇ ಹೆಣೆದುಬಿಟ್ಟರು. ಹಗಲಿನ ಸೂರ್ಯನಿಲ್ಲದ ಕೊಠಡಿಗೆ ಆಕೆ ಕಂಡುಕೊಂಡ ಉಪಾಯ ಅದು. ನಮ್ಮ ರುಚಿಗೆ ತುಸು ಹೆಚ್ಚೆನಿಸಿದರೂ ತರ್ಕಬದ್ಧವಾದುದೆಂದು ಒಪ್ಪಬೇಕು. ವಿಶ್ವಸಂಸ್ಥೆಯ ಪ್ರತಿನಿಧಿಗಳ ಭೋಜನಶಾಲೆಗೆ ೧೯೫೨ರಲ್ಲಿ, ಹೊನೊಲುಲುವಿನಲ್ಲಿದ್ದ ಡೋರಿಸ್ ಡ್ಯೂಕ್ ಅವರ 'ಷಾಂಗ್ರಿಲಾ' ಎಂಬ ಮನೆಗೆ, ಹೀಗೆ ನಾನಾ ಕಡೆಗೆ ಆಕೆಯ ಮಗ್ಗದ ಕೆಲಸ ಹೋಯಿತು.

ಈ ದಾರಿಯಲ್ಲಿ ಆಕೆಯೊಬ್ಬರೇ ಇದ್ದರೆಂದು ಭಾವಿಸಬಾರದು. ಜರ್ಮನಿಯಿಂದ ಬಂದು ಲಾಸ್ ಏಂಜಲೀಸಿನಲ್ಲಿ ನೆಲಸಿದ ಮರಿಯಾ ಕಿಪ್ ಅವರ ಕಾರ್ಯಶಾಲೆ ಅಲ್ಲಿನ ಆಧುನಿಕ ಮನೆಗಳಿಗೆ ದಶಕಗಳ ಕಾಲ ಬಟ್ಟೆ ನೇಯ್ದುಕೊಟ್ಟಿತು. ಮಿಷಿಗನ್ನಿನ ಕ್ರ್ಯಾನ್‌ಬ್ರೂಕ್ ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕಲಿಸಿದ ರಾಬರ್ಟ್ ಸೈಲರ್ಸ್ ಅವರು ದಬ್ಬೆಯ ತೆರೆಗಳನ್ನು ನೇಯುವುದನ್ನು ಜೀವನೋಪಾಯವಾಗಿ ಮಾಡಿಕೊಂಡರು. ಇವರೆಲ್ಲರಿಗಿಂತ ಭಿನ್ನವಾದ ಮಾರ್ಗ ಆನಿ ಆಲ್ಬರ್ಸ್ ಅವರದು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ನೇಯ್ಗೆ ಕಲಿತ ಆಕೆ, ಬರ್ನೌ ಎಂಬಲ್ಲಿ ಹಾನೆಸ್ ಮೇಯರ್ ಅವರು ಕಟ್ಟಿದ ಕಾರ್ಮಿಕ ಸಂಘದ ಶಾಲೆಯ ಸಭಾಂಗಣಕ್ಕೆ ಒಂದು ಮೈಯಿಂದ ಬೆಳಕನ್ನು ಮರಳಿಸುವ, ಇನ್ನೊಂದು ಮೈಯಿಂದ ಸದ್ದನ್ನು ಹೀರುವ ಬಟ್ಟೆಯನ್ನು ರೂಪಿಸಿ ೧೯೩೦ರಲ್ಲಿ ಪದವಿ ಪಡೆದವರು. ಬೆಳಕನ್ನು ಮರಳಿಸಿದ್ದು ಅದರಲ್ಲಿದ್ದ ಸೆಲೊಫೇನ್. ನಾಟ್ಸಿಗಳ ಕಾಲದಲ್ಲಿ, ೧೯೩೩ರಲ್ಲಿ, ಅಮೆರಿಕಕ್ಕೆ ಬಂದ ಮೇಲೆ ಸೆಲೊಫೇನ್, ಸೆಣಬು ಮತ್ತು ಮರದ ದಬ್ಬೆಗಳಿಂದ ಕೊಠಡಿಯನ್ನು ವಿಭಾಗಿಸುವ ತೆರೆಗಳನ್ನು ನೇಯ್ದರು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯ ೧೯೪೯ರಲ್ಲಿ ಆಕೆಯ ನೇಯ್ಗೆಯೊಂದನ್ನೇ ಕುರಿತು ಪ್ರದರ್ಶನ ನಡೆಸಿತು. ಲೀಬೆಸ್ ಅವರದು ಹಬ್ಬದೂಟವಾದರೆ ಆಲ್ಬರ್ಸ್ ಅವರದು ಮಿತಾಹಾರ. ವಿದ್ವಾಂಸರು ಬಹುಕಾಲ ಎರಡನೆಯದನ್ನೇ ಗಂಭೀರವೆಂದು ಪರಿಗಣಿಸಿ ಮೊದಲನೆಯದನ್ನು ಅಂಗಡಿಯ ಸರಕೆಂದು ಬದಿಗಿಟ್ಟರು. ಆಲ್ಬರ್ಸ್ ಅವರು ಬರೆದರು, ಬೋಧಿಸಿದರು. 'ಆನ್ ವೀವಿಂಗ್' ಎಂಬ ಆಕೆಯ ಗ್ರಂಥ ೧೯೬೫ರಲ್ಲಿ ಪ್ರಕಟವಾಗಿ ಪಠ್ಯದಂತೆ ಬಳಕೆಗೆ ಬಂದಿತು. ಬರೆದಿಟ್ಟವರಿಗೆ ಚರಿತ್ರೆಯಲ್ಲಿ ಬೇಗ ಜಾಗ ದೊರೆಯುತ್ತದೆ. ನಮ್ಮ ಶಿಸ್ತಿನ ಹಳೆಯ ಪಕ್ಷಪಾತವಿದು.

ಕೈಮಗ್ಗದ ತೆರೆ ದುಬಾರಿ. ಶ್ರೀಮಂತರ ಮನೆ, ದೊಡ್ಡ ಹೋಟೆಲು, ಹಡಗು ಇವನ್ನು ಬಿಟ್ಟರೆ ಅದಕ್ಕೆ ಗಿರಾಕಿಗಳಿರಲಿಲ್ಲ. ಲೀಬೆಸ್ ಅವರು ಇದನ್ನು ಬೇಗನೆ ಅರಿತರು. ಮೇನ್ ಸಂಸ್ಥಾನದ ಸ್ಯಾನ್‌ಫರ್ಡ್‌ನಲ್ಲಿದ್ದ ಗುಡಾಲ್ ಗಿರಣಿಗೆ ೧೯೪೦ರಿಂದ ವಿನ್ಯಾಸ ಮಾಡಿಕೊಡತೊಡಗಿದರು. ಇಲ್ಲಿ ಒಂದು ವಿಚಿತ್ರವಾದ ಸಮಸ್ಯೆ ಹುಟ್ಟಿತು. ಗಿರಣಿಯ ಯಂತ್ರ ನಿರ್ಮಾಣವಾದದ್ದೇ ಎಳೆಯನ್ನು ಎಲ್ಲಿಯೂ ಏರುಪೇರಿಲ್ಲದಂತೆ ನೇಯಲು. ಲೀಬೆಸ್ ಅವರ ಬಟ್ಟೆಯ ಜೀವವಿದ್ದದ್ದು ಏರುಪೇರಿನಲ್ಲಿ. ಒಂದೆಡೆ ದಪ್ಪ, ಒಂದೆಡೆ ತೆಳು, ಅಲ್ಲಲ್ಲಿ ಗಂಟು. ನೂರಾರು ವರ್ಷ ಶ್ರಮಪಟ್ಟು ತಪ್ಪಿಲ್ಲದೆ ನೇಯುವುದನ್ನು ಕಲಿತ ಯಂತ್ರಕ್ಕೆ ಈಗ ಕೈಯ ತಪ್ಪನ್ನು ಕಲಿಸಬೇಕಾಯಿತು! ಕೈಮಗ್ಗದಲ್ಲಿ ಮೊದಲು ಮಾದರಿಯನ್ನು ನೇಯುವುದು, ಗಿರಣಿಯ ಕುಶಲಿಗಳು ಅದನ್ನು ನೋಡಿ ಯಂತ್ರವನ್ನು ತಿದ್ದುವುದು, ಯಂತ್ರದಿಂದ ಬಂದುದನ್ನು ಆಕೆ ನೋಡಿ ಒಪ್ಪುವುದು ಅಥವಾ ಹಿಂತಿರುಗಿಸುವುದು: ಈ ಕ್ರಮ ನೆಲೆಗೊಂಡಿತು. ಹೊಸ ರಾಸಾಯನಿಕ ಎಳೆಗಳ ಕಂಪೆನಿಗಳೂ ಹೀಗೆಯೇ ಬಂದುವು. ತೆಳುವಾದ ಅಲ್ಯುಮಿನಿಯಮ್ ಹಾಳೆಯನ್ನು ಎರಡು ಪ್ಲಾಸ್ಟಿಕ್ ಪೊರೆಗಳ ನಡುವೆ ಅಂಟಿಸಿ ಸೀಳಿ ಮಾಡಿದ 'ಲೂರೆಕ್ಸ್' ಎಂಬ ಹೊಳೆವ ಎಳೆಯನ್ನು ಡೋಬೆಕ್‌ಮನ್ ಕಂಪೆನಿ ೧೯೪೬ರಲ್ಲಿ ಹೊರತಂದಿತು. ಕಪ್ಪಾಗದ ಜರಿ ಎಂದರೆ ನಮ್ಮವರಿಗೆ ಸುಲಭವಾಗಿ ಅರ್ಥವಾದೀತು. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಲೀಬೆಸ್ ಅವರು ಪ್ರಮುಖರು. ಡುಪಾಂಟ್ ಕಂಪೆನಿಗೆ ೧೯೫೫ರಿಂದ ಸಲಹೆಗಾರ್ತಿಯಾದರು. ಜಾಕ್ ಲೆನರ್ ಲಾರ್ಸನ್ ಅವರು ನ್ಯೂಯಾರ್ಕಿನ ಲೀವರ್ ಹೌಸ್ ಎಂಬ ಗಾಜಿನ ಸೌಧದ ಮೊಗಸಾಲೆಗೆ ನಾರಗಸೆ ಹಾಗೂ ಹೊಂಬಣ್ಣದ ಎಳೆ ಬೆರಸಿ ಪಾರದರ್ಶಕವಾದ ಪರದೆಯನ್ನು ರೂಪಿಸಿದ್ದು ಇದೇ ಕಾಲದಲ್ಲಿ.

ಕೈಮಗ್ಗಕ್ಕೂ ಗಿರಣಿಗೂ ಹಗೆತನವನ್ನೇ ಕಂಡು ಬೆಳೆದ ನಮಗೆ ಇದು ಆಶ್ಚರ್ಯದ ಸಂಗತಿ. ಅಲ್ಲಿ ಕೈಮಗ್ಗ ಗಿರಣಿಯ ಪ್ರಯೋಗಶಾಲೆಯಾಯಿತು. ಹಾಗೆಂದು ಅದನ್ನು ನಮಗೆ ಆದರ್ಶವೆಂದು ಹೇಳಲು ನಾವು ಸಿದ್ಧರಿಲ್ಲ. ಅಲ್ಲಿ ಮಗ್ಗದ ಮುಂದೆ ಕುಳಿತವರು ಕೆಲವೇ ಮಂದಿ. ಇಲ್ಲಿ ಲಕ್ಷಾಂತರ ಸಂಸಾರಗಳ ಅನ್ನದ ಪ್ರಶ್ನೆ. ಭಾರತದಲ್ಲಿ ೧೯೫೬ರಿಂದ ಆರಂಭವಾದ ನೇಕಾರರ ಸೇವಾಕೇಂದ್ರಗಳು ಕಲಾವಿದರ ವಿನ್ಯಾಸಗಳನ್ನು ಮಗ್ಗಕ್ಕೆ ತಂದುವು. ಆದರೆ ಕೈಮಗ್ಗ ಬದುಕಲೆಂದು, ಗಿರಣಿಗೆ ಮಾದರಿ ಒದಗಿಸಲೆಂದಲ್ಲ. ನೇರವಾದ ಸಂಬಂಧದ ಎಳೆಯೂ ಒಂದುಂಟು. ಮುಂಬಯಿಯ ನೆಲ್ಲಿ ಸೇಠ್ನಾ ಅವರು ೧೯೫೦ರ ದಶಕದ ಕೊನೆಯಲ್ಲಿ ಕ್ರ್ಯಾನ್‌ಬ್ರೂಕಿಗೆ ಹೋಗಿ ಫಿನ್ಲೆಂಡ್ ಮೂಲದ ಮರಿಯಾನೆ ಸ್ಟ್ರೆಂಗೆಲ್ ಅವರ ಬಳಿ ನೇಯ್ಗೆ ಕಲಿತು ಬಂದು ಇಲ್ಲಿ ದೊಡ್ಡ ನೇಯ್ಗೆಗಳನ್ನು ರಚಿಸಿದರು.

ಇನ್ನು ಶಾಖದ ಮಾತು. ಇಲ್ಲಿ ಈ ತೆರೆಗಳ ದೌರ್ಬಲ್ಯವನ್ನು ಮರೆಮಾಚಬಾರದು. ತೆರೆ ಇರುವುದು ಗಾಜಿನ ಒಳಗಡೆ. ಬಿಸಿಲು ಅದನ್ನು ಮುಟ್ಟುವ ವೇಳೆಗೆ ಗಾಜನ್ನು ದಾಟಿ ಆಗಿದೆ. ಸ್ವಲ್ಪ ಪಾಲು ಮರಳಿ ಹೊರಗೆ ಹೋದರೂ ಉಳಿದದ್ದು ತೆರೆಯನ್ನೂ ಅದರ ಹಿಂದಣ ಗಾಳಿಯನ್ನೂ ಕಾಯಿಸುತ್ತದೆ. ಸಾನ್ ಫ್ರಾನ್ಸಿಸ್ಕೋವಿನ ಮಂಜಿನ ಹವೆಗೆ ಇದು ಬಾಧಕವಲ್ಲ. ರಾಯಚೂರಿನ ಬೇಸಗೆಗೆ ಇದರಿಂದ ಏನೂ ಸಾಗದು. ಉಷ್ಣದೇಶದವರು ಬಿಸಿಲನ್ನು ತಡೆದದ್ದು ಗೋಡೆಯ ಹೊರಗೆ: ಆಳವಾದ ಸೂರು, ಜಗಲಿ, ನೀರು ಚಿಮುಕಿಸಿದ ಲಾವಂಚದ ತಟ್ಟಿ. ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡೆ ವಸತಿಗೃಹವನ್ನು ೧೯೩೦ರ ದಶಕದ ಕೊನೆಯಲ್ಲಿ ಆರಂಭಿಸಿ ಕಟ್ಟಿದ ಅಂಟೋನಿನ್ ರೇಮಂಡ್ ಅವರು ಗಾಜಿನ ಗೊಡವೆಗೇ ಹೋಗದೆ ಗೋಡೆಯನ್ನೇ ತಿರುಗುವ ಪಟ್ಟಿಗಳನ್ನಾಗಿ ಮಾಡಿದರು. ಚಂಡೀಗಡದಲ್ಲಿ ಲ ಕಾರ್ಬೂಸಿಯೆ ಅವರು ಕಾಂಕ್ರೀಟಿನ ಆಳವಾದ ಗೂಡುಗಳನ್ನು ಕಿಟಕಿಯ ಹೊರಗೆ ನಿಲ್ಲಿಸಿದರು. ಅಲ್ಲಿಯೂ ಕೊನೆಗೆ ನೇಯ್ಗೆಯ ಹಂಗು ತಪ್ಪಲಿಲ್ಲವೆಂಬುದು ಗಮನಾರ್ಹ. ಉಚ್ಚ ನ್ಯಾಯಾಲಯದ ಕೊಠಡಿಗಳಲ್ಲಿ ಸದ್ದು ಮೊಳಗದಂತೆ ಮಾಡಲು ಅವರು ರೂಪಿಸಿದ ದೊಡ್ಡ ಗೋಡೆತೆರೆಗಳನ್ನು ಕಾಶ್ಮೀರದ ನೇಕಾರರು ನೇಯ್ದರು.

ಆ ನೇಕಾರರ ಹೆಸರುಗಳು ಯಾವ ಗ್ರಂಥದಲ್ಲಿಯೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಲೀಬೆಸ್ ಅವರ ಕಾರ್ಯಶಾಲೆಯ ವಿಷಯದಲ್ಲಿ ಸ್ಥಿತಿ ಇದಕ್ಕಿಂತ ಸ್ವಲ್ಪ ಮೇಲು. ಆಕೆಯ ಪತ್ರಗಳು, ಲೆಕ್ಕಗಳು, ಚಿತ್ರಗಳು, ಬಟ್ಟೆಯ ಚೂರುಗಳು ಹಾಗೂ ಅಚ್ಚಾಗದೆ ಉಳಿದ ಆತ್ಮಕಥನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಕಲಾ ದಾಖಲಾಗಾರದಲ್ಲಿ ಸೇರಿವೆ. ತೆರೆ ಆಕೆಯ ಹೆಸರಿನಲ್ಲಿ ಮಾರಾಟವಾದರೂ ದಬ್ಬೆಯನ್ನು ತೂರಿಸಿದ ಕೈಗಳು ಹತ್ತಾರು. ಪತ್ರಿಕೆಗಳಲ್ಲಿ ಬಂದದ್ದು ಒಬ್ಬರ ಭಾವಚಿತ್ರ. ಇದರಲ್ಲಿ ಮೋಸವಿತ್ತೆಂದು ನಾವು ಹೇಳುವುದಿಲ್ಲ. ವಾಸ್ತುಶಿಲ್ಪಿಯ ಹೆಸರಿನಲ್ಲಿ ನಿಂತ ಕಟ್ಟಡವನ್ನು ಆತನೊಬ್ಬನೇ ಕಟ್ಟಿರುವುದಿಲ್ಲ. ಆದರೆ ಗಾಜಿನ ಗೋಡೆಯ ಚರಿತ್ರೆಯಿಂದ ಲೀಬೆಸ್ ಅವರನ್ನು ಕೈಬಿಟ್ಟದ್ದು ತಪ್ಪೆನ್ನುವ ನಾವು, ಲೀಬೆಸ್ ಅವರ ಚರಿತ್ರೆಯಿಂದ ಆಕೆಯ ನೇಕಾರರನ್ನು ಕೈಬಿಟ್ಟರೆ ಅದೇ ತಪ್ಪನ್ನು ಇನ್ನೊಂದು ಮೆಟ್ಟಿಲು ಕೆಳಗೆ ಮಾಡಿದಂತಾಗುತ್ತದೆ.

ಈ ಮರೆವಿಗೆ ಇನ್ನೊಂದು ಕಾರಣ ವಸ್ತುವಿನಲ್ಲೇ ಇದೆ. ಉಕ್ಕು ಉಳಿಯುತ್ತದೆ; ಗಾಜು ಒಡೆದರೆ ಮತ್ತೆ ಹಾಕಬಹುದು. ಬಿಸಿಲನ್ನು ತಡೆಯಲೆಂದೇ ನೇಯ್ದ ತೆರೆ ಬಿಸಿಲಿಗೇ ಬಲಿಯಾಗುತ್ತದೆ. ಹಾಸಿನ ಹತ್ತಿನೂಲು ಹುರಿ ಕಳೆದುಕೊಂಡು ಹರಿಯುತ್ತದೆ, ಬಣ್ಣ ಹಾರುತ್ತದೆ, ಸೆಲೊಫೇನ್ ಪೆಡಸಾಗಿ ಬಿರಿಯುತ್ತದೆ. ನಾಲ್ಕೈದು ಎಳೆ ಹರಿದರೆ ಸಾಕು, ದಬ್ಬೆಗಳು ಜಾರಿ ಬೀಳುತ್ತವೆ; ಮನೆಯವರು ಕಿತ್ತೆಸೆದು ಬೇರೆ ಹಾಕುತ್ತಾರೆ. ಅಗ್ಗದ ಯಂತ್ರದ ತೆರೆಗಳು ಹೆಚ್ಚಿದಂತೆ, ಹವಾನಿಯಂತ್ರಣ ಮನೆಮನೆಗೆ ಬಂದಂತೆ, ಕೈಯಿಂದ ನೇಯ್ದುದನ್ನು ಮತ್ತೆ ಮಾಡಿಸುವವರು ಉಳಿಯಲಿಲ್ಲ. ಲೀಬೆಸ್ ಅವರು ೧೯೭೨ರಲ್ಲಿ ತೀರಿಕೊಂಡ ಮೇಲೆ ಆಕೆಯ ಹೆಸರೂ ಮೆಲ್ಲಮೆಲ್ಲನೆ ಮಾಸಿತು. ಅಂದಿನ ಛಾಯಾಚಿತ್ರಗಳು ಹೆಚ್ಚಾಗಿ ಕಪ್ಪುಬಿಳುಪು; ಆಕೆಯ ಕಿತ್ತಲೆ, ಗುಲಾಬಿಗಳೆಲ್ಲ ಅವುಗಳಲ್ಲಿ ಬೂದಿಯೇ. ಅದಲ್ಲದೆ ಕಟ್ಟಡದ ಚಿತ್ರ ತೆಗೆಯುವವರು ಗಾಜಿನ ಪಾರದರ್ಶಕತೆಯನ್ನು ತೋರಿಸಲೆಂದು ತೆರೆಗಳನ್ನು ಪಕ್ಕಕ್ಕೆ ಸರಿಸುವುದು ಸಹಜ. ನಾವು ತರಗತಿಯಲ್ಲಿ ತೋರಿಸುತ್ತಿದ್ದ ಚಿತ್ರಗಳಲ್ಲಿ ತೆರೆ ಕಾಣದಿದ್ದುದಕ್ಕೆ ಇದೂ ಒಂದು ಕಾರಣವಿದ್ದೀತು.

ನ್ಯೂಯಾರ್ಕಿನ ಕೂಪರ್ ಹ್ಯೂಯಿಟ್ ವಸ್ತುಸಂಗ್ರಹಾಲಯ ೨೦೨೩ರಲ್ಲಿ 'ಎ ಡಾರ್ಕ್, ಎ ಲೈಟ್, ಎ ಬ್ರೈಟ್' ಎಂಬ ಹೆಸರಿನಿಂದ ಆಕೆಯ ಕೆಲಸದ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಗಾಢವಾದುದೊಂದು, ತಿಳಿಯಾದುದೊಂದು, ಉಜ್ವಲವಾದುದೊಂದು, ಹೀಗೆ ಮೂರು ಬಣ್ಣಗಳನ್ನು ಕೂಡಿಸುವ ಆಕೆಯ ಸೂತ್ರವೇ ಆ ಹೆಸರು. ಇಂಥ ವಸ್ತುಗಳ ವಿಷಯದಲ್ಲಿ ವಸ್ತುಸಂಗ್ರಹಾಲಯಗಳ ಇಕ್ಕಟ್ಟು ವಿಚಿತ್ರವಾದುದು. ಬಣ್ಣ ಹಾರದಂತೆ ಕಾಪಾಡಬೇಕಾದರೆ ಅವನ್ನು ಕಿಟಕಿಗೆ ತೂಗುಹಾಕುವಂತಿಲ್ಲ. ಮಂದವಾದ ದೀಪದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಇಡಬೇಕು. ಹಗಲಿನ ಬೆಳಕು ಒಂದು ಮೈಯಿಂದ ಇನ್ನೊಂದು ಮೈಗೆ ಹಾಯುವಾಗ ಅವು ಹೇಗೆ ತೋರುತ್ತಿದ್ದುವೆಂಬುದನ್ನು ಅಲ್ಲ� ಕಾಣಲಾಗುವುದಿಲ್ಲ. ಸಿಕ್ಕಷ್ಟು ದಬ್ಬೆ, ನೂಲು, ಹೊಳೆವ ಎಳೆಗಳನ್ನು ತಂದು ಒಂದು ಗಜದಷ್ಟನ್ನಾದರೂ ನಮ್ಮೂರ ಮಗ್ಗದಲ್ಲಿ ನೇಯಿಸಿ, ವಿಭಾಗದ ಪಡುವಣ ಕಿಟಕಿಗೆ ಕಟ್ಟಿ ವಿದ್ಯಾರ್ಥಿಗಳೊಡನೆ ಒಂದು ಸಂಜೆ ನೋಡಬೇಕೆಂದು ನಾವು ಯೋಚಿಸಿದ್ದೇವೆ.